ಊದುಗಾಜಿನ ಎಣ್ಣೆದೀಪಗಳು, ಮಂಗಳೂರು: ಬೆಲೆಕಟ್ಟುವಿಕೆ ಮತ್ತು ಮರುಮಾರಾಟ

ಮಂಗಳೂರಿನ ಹೆಂಚಿನ ಮನೆಗಳು, ಇಗರ್ಜಿಗಳು ಮತ್ತು ಬಂದರಿನ ವ್ಯಾಪಾರಿಗಳ ಬಂಗಲೆಗಳಲ್ಲಿ ವಿದ್ಯುತ್ತು ಬರುವ ಮೊದಲು ಉರಿಯುತ್ತಿದ್ದ ದೀಪಗಳು. ತೆಂಗಿನೆಣ್ಣೆಯನ್ನು ನೀರಿನ ಮೇಲೆ ತೇಲಿಸಿ ಬತ್ತಿ ಹೊತ್ತಿಸುವ ಗಾಜಿನ ಹಂಡೆಗಳು ಹಳೆಯ ಬಗೆಯವು. ಇಂದು ಪೇಟೆಯಲ್ಲಿ ಹೆಚ್ಚಾಗಿ ಕೈಬದಲಾಗುವುದು ಕರಾವಳಿಯವರು ಚಿಮಿಣಿ ಎಣ್ಣೆ ಎನ್ನುವ ಸೀಮೆಎಣ್ಣೆಯ ಮೇಜುದೀಪ ಮತ್ತು ತೂಗುದೀಪಗಳು.

ಹಿನ್ನೆಲೆ: ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು, ಅದರ ವ್ಯಾಪಾರಿ ಸಂಸ್ಥೆ 1859ರಲ್ಲಿ ಹುಟ್ಟಿತು, ಹೆಂಚಿನ ಕಾರ್ಖಾನೆ 1865ರಲ್ಲಿ ತೆರೆಯಿತು. ಅದೇ 1865ರಲ್ಲಿ ಬರ್ಲಿನ್ನಿನ ವಿಲ್ಡ್ ಮತ್ತು ವೆಸೆಲ್ ಸಂಸ್ಥೆ ಸೀಮೆಎಣ್ಣೆ ದೀಪದ ಕಾಸ್ಮೋಸ್ ಬರ್ನರನ್ನು ಹೊರತಂದಿತು. ರೈಲು ಬಂದದ್ದು 1907ರಲ್ಲಿ. ಅಲ್ಲಿಯವರೆಗೆ ಪರದೇಶದ ಗಾಜು ಸಮುದ್ರದ ದಾರಿಯಿಂದಲೇ ಬಂದಿರಬೇಕು. 1914ರ ಯುದ್ಧ ಜರ್ಮನ್ ಸರಕನ್ನು ತಡೆಯಿತು. ಸ್ವದೇಶಿ ಗಾಜು ಆ ವರ್ಷಗಳಲ್ಲಿ ತಲೆಯೆತ್ತುತ್ತಿತ್ತು: ತಳೇಗಾಂವದ ಪೈಸಾ ಫಂಡ್ ಕಾರ್ಖಾನೆ 1908ರದು, ಪ್ರಭಾಕರ್ ಕಂದೀಲಿನ ಓಗಲೆ ಕಾರ್ಖಾನೆ 1916ರದು. ಜರ್ಮನ್ ದೀಪಗಳ ಎದುರು ಈ ದೇಶೀ ಗಾಜನ್ನು ವ್ಯಾಪಾರಿಗಳು ಕಡೆಗಣಿಸುವುದು ಅನ್ಯಾಯ. ಚರಿತ್ರೆಯ ದೃಷ್ಟಿಯಿಂದ ಅದರ ತೂಕ ಕಡಿಮೆಯಲ್ಲ.

ಬರ್ನರು: ದೀಪದ ವಯಸ್ಸನ್ನು ಗಾಜಿಗಿಂತ ಹಿತ್ತಾಳೆ ಹೆಚ್ಚು ಖಚಿತವಾಗಿ ಹೇಳುತ್ತದೆ. ಕಾಸ್ಮೋಸಿನಲ್ಲಿ ಅಗಲವಾದ ಚಪ್ಪಟೆ ಬತ್ತಿ ಮೇಲೇರುತ್ತ ಸುರುಳಿಯಾಗಿ ಕೊಳವೆಯ ರೂಪ ತಾಳುತ್ತದೆ. ಗಾಳಿ ಒಳಗಿನಿಂದಲೂ ಹೊರಗಿನಿಂದಲೂ ಜ್ವಾಲೆಗೆ ತಾಗುತ್ತದೆ. ಚಿಮಣಿಯ ಕಿರಿದಾದ ಕತ್ತು ಹೊರಗಾಳಿಯನ್ನು ಜ್ವಾಲೆಯತ್ತ ಒತ್ತುವುದರಿಂದ ಹೊಗೆಯಿಲ್ಲದ ಬಿಳಿ ಬೆಳಕು ಸಿಗುತ್ತದೆ. ಅಳತೆ ಪ್ಯಾರಿಸ್ ಲಿನ್‌ನಲ್ಲಿ. ಒಂದು ಲಿನ್ ಎಂದರೆ 2.256 ಮಿಲಿಮೀಟರ್. 14 ಲಿನ್ ಬರ್ನರಿಗೆ ಬುಡದಲ್ಲಿ ಸುಮಾರು 53 ಮಿಲಿಮೀಟರ್ ಅಗಲದ ಚಿಮಣಿ ಬೇಕು. ಬತ್ತಿ ಏರಿಸುವ ತಿರುಗುಗುಂಡಿಯ ಮೇಲೆ ತಯಾರಕರ ಮುದ್ರೆ ಇರುವುದುಂಟು. ಆದರೆ ಬರ್ನರು ಬಿಚ್ಚಿ ಬದಲಿಸಬಹುದಾದ ಭಾಗ. ಅದೊಂದನ್ನೇ ನಂಬಿ ಇಡೀ ದೀಪಕ್ಕೆ ಕಾಲ ನಿಗದಿ ಮಾಡುವುದು ಸಲ್ಲ.

ಗಾಜು: ತಳದಲ್ಲಿ ಸಲಾಕೆ ಮುರಿದ ಒರಟು ಗುರುತಿದ್ದರೆ ಕೈಯಿಂದ ಊದಿದ್ದೆನ್ನಬಹುದು. ಗುರುತಿಲ್ಲವೆಂದು ತಳ್ಳಿಹಾಕಲಾಗದು, ಅದನ್ನು ಉಜ್ಜಿ ನಯಗೊಳಿಸುವ ರೂಢಿಯಿತ್ತು. ಅಚ್ಚಿನ ಗೆರೆ ಕಂಡ ಮಾತ್ರಕ್ಕೆ ಯಂತ್ರದ್ದೆನ್ನಲೂ ಆಗದು; ಅಚ್ಚಿನೊಳಗೆ ಬಾಯಿಯಿಂದ ಊದಿದ ಎಣ್ಣೆಬುರುಡೆಗಳು ಎಷ್ಟೋ ಇವೆ. ಗುಳ್ಳೆಗಳು ಹೊಸ ಗಾಜಿನಲ್ಲೂ ಇರುತ್ತವೆ. ತಳದ ಅಂಚಿನ ಗೀರುಗಳು ದಿಕ್ಕುದಿಕ್ಕಿಗೆ ಇದ್ದರೆ ಬಳಕೆಯ ಸವೆತ. ಒಂದೇ ದಿಕ್ಕಿಗಿದ್ದರೆ ಮರಳುಕಾಗದದ ಕೆಲಸವೆಂಬ ಶಂಕೆ ಸಹಜ. ಯುರೇನಿಯಂ ಬೆರೆತ ಗಾಜು ನೇರಳಾತೀತ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ.

ಕರಾವಳಿಯ ಹಾನಿ: ಬುರುಡೆಗೂ ಹಿತ್ತಾಳೆಯ ಕೊರಳಪಟ್ಟಿಗೂ ನಡುವಿನ ಬಂಧ ಪ್ಲಾಸ್ಟರ್ ಆಫ್ ಪ್ಯಾರಿಸ್‌ನದು. ಮಳೆಗಾಲದ ತೇವದಲ್ಲಿ ಅದು ಸಡಿಲಗೊಳ್ಳುತ್ತದೆ. ಹೊಸ ಪ್ಲಾಸ್ಟರ್ ಹಾಕಿದರೆ ಬೆಲೆ ಕುಗ್ಗಬೇಕಾಗಿಲ್ಲ. ಅಂಟು ಸುರಿದರೆ ಮುಂದೆ ಬಿಡಿಸಲಾಗದು. ಕ್ಷಾರ ಒಸರಿ ಮಬ್ಬಾದ ಗಾಜು ತೊಳೆದರೂ ತಿಳಿಯಾಗುವುದಿಲ್ಲ.

ಬೆಲೆ: ಚಿಮಣಿ ಒಡೆಯುವ ವಸ್ತುವೇ, ಅದು ಬದಲಾಗಿರುವುದು ದೋಷವಲ್ಲ. ಮೂಲ ಶೇಡು, ಬುರುಡೆ, ಬರ್ನರು ಮೂರೂ ಜೊತೆಯಲ್ಲಿ ಉಳಿದಿದ್ದರೆ ಬೆಲೆ ಏರುತ್ತದೆ. ವಿದ್ಯುತ್ ತಂತಿಗಾಗಿ ಗಾಜು ಕೊರೆದಿದ್ದರೆ ನಷ್ಟ ಹಿಂತಿರುಗದು. ಹೆಂಚಿನ ಮನೆ ಕೆಡವುವಾಗ ಗುಜರಿಯವರ ಕೈಸೇರಿದ ದೀಪದ ಭಾಗಗಳು ಬೇರೆ ಬೇರೆಯಾಗಿ ಮಾರಾಟವಾದರೆ, ಯಾವ ಊರಿನ ಯಾವ ಮನೆಯದೆಂಬ ವಿವರವೂ ಅಳಿಸುತ್ತದೆ. ಬಿಚ್ಚುವ ಮೊದಲೇ ಛಾಯಾಚಿತ್ರ ತೆಗೆದು ಊರು, ಮನೆ, ತೂಗಿದ್ದ ಜಾಗ ಬರೆದಿಡುವುದು ಮಾರುವವರ ಮೊದಲ ಕರ್ತವ್ಯ. ಹಾಗೆ ದಾಖಲೆಯಿರುವ ದೀಪವನ್ನು ಅರಿತ ಸಂಗ್ರಾಹಕರು ಮೆಚ್ಚುತ್ತಾರೆ.

ಕಾನೂನು: 1976ರ ಏಪ್ರಿಲ್ 5ರಂದು ಜಾರಿಗೆ ಬಂದ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ, ಚಾರಿತ್ರಿಕ ಆಸಕ್ತಿಯ ವಸ್ತು ಪುರಾವಸ್ತುವೆನಿಸಬಹುದು. ಅಂಥದನ್ನು ಖಾಸಗಿಯವರು ಪರದೇಶಕ್ಕೆ ಕಳುಹಿಸುವಂತಿಲ್ಲ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ವಿದೇಶದ ನೆಂಟರಿಗೆ ದೀಪ ಕಳುಹಿಸುವ ಮುನ್ನ ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯುವುದು ಕ್ಷೇಮ.