ಮಿಥಿಯ ಆಚೆ ದಡದಲ್ಲಿ ನಿಂತುಹೋದ ನಾಲ್ಕು ಗಂಟೆ

ಧಾರಾವಿಯಿಂದ ಮಿಥಿ ನದಿ ದಾಟಿದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್. ಈ ದಡದಲ್ಲಿ ಚರ್ಮ, ಮಡಕೆ, ಹೊಲಿಗೆ. ಆ ದಡದ ಗಾಜಿನ ಕಟ್ಟಡಗಳ ನಡುವೆ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್. ಶೇರುಪೇಟೆ ಎಂದರೆ ನಮ್ಮವರಿಗೆ ಇಂದಿಗೂ ದಲಾಲ್ ಸ್ಟ್ರೀಟೇ. ಆದರೆ ಕೂಗಾಟದ ಅಂಗಳವೇ ಇಲ್ಲದೆ, ಉಪಗ್ರಹದ ಮೂಲಕ ಊರೂರಿನ ಪರದೆಗಳನ್ನು ಜೋಡಿಸಿ 1994ರಲ್ಲಿ ಶುರುವಾದ ಎನ್‌ಎಸ್‌ಇ ಬೇಗನೆ ಆ ಬೀದಿಯನ್ನು ಹಿಂದೆ ಹಾಕಿತು.

2021ರ ಫೆಬ್ರವರಿ 24, ಬುಧವಾರ. ಮರುದಿನ ತಿಂಗಳ ಡೆರಿವೇಟಿವ್ ಒಪ್ಪಂದಗಳ ಗಡುವು. ಬೆಳಿಗ್ಗೆ 11.40ಕ್ಕೆ ಎನ್‌ಎಸ್‌ಇ ವಹಿವಾಟು ನಿಂತಿತು.

ಸರ್ವರ್ ಕ್ಲಸ್ಟರ್‌ಗಳ ಜೊತೆ ಏಗಿದ ನನ್ನಂಥವರಿಗೆ ಸ್ವಾರಸ್ಯ ಇರುವುದು ಕಾರಣದಲ್ಲಿ. ಎನ್‌ಎಸ್‌ಇ ಹೇಳಿಕೆಯಂತೆ ವಹಿವಾಟಿನ ಯಂತ್ರಗಳಿಗೆ ಏನೂ ಆಗಿರಲಿಲ್ಲ. ಎರಡು ಟೆಲಿಕಾಂ ಕಂಪನಿಗಳ ಸಂಪರ್ಕ ಕೈಕೊಟ್ಟು, ಅದರ ಪೆಟ್ಟು ಸ್ಟೋರೇಜ್ ಜಾಲಕ್ಕೆ ಬಿದ್ದು, ರಿಸ್ಕ್ ಲೆಕ್ಕ ಹಾಕುವ ವ್ಯವಸ್ಥೆ ಸಿಗದಂತಾಯಿತು. ಯಾರ ಮಾರ್ಜಿನ್ ಎಷ್ಟಿದೆ ಎಂದು ತಿಳಿಯದೆ ವ್ಯಾಪಾರ ಬಿಡುವಂತಿಲ್ಲ. ಪಿಂಗ್‌ಗೆ ಉತ್ತರ ಬರುತ್ತದೆ, ಪ್ರೋಸೆಸ್ ಓಡುತ್ತಿದೆ, ಪರದೆ ತುಂಬ ಹಸಿರು ದೀಪ. ಸೇವೆ ಮಾತ್ರ ಸತ್ತಿದೆ! ಯಂತ್ರ ಬದುಕಿದೆಯೇ ಎಂದು ಕೇಳುವ ಮಾನಿಟರಿಂಗ್ ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಬಾರದು. ಗಿರಾಕಿಯ ಕೆಲಸ ಆಗುತ್ತಿದೆಯೇ ಎಂದು ಕೇಳಬೇಕು.

ಯಂತ್ರ ಕೆಡುವುದಕ್ಕಿಂತ ನಡುವಿನ ತಂತಿ ಕೆಡುವುದು ಹೆಚ್ಚು ಫಜೀತಿ. ಕ್ಲಸ್ಟರ್‌ನ ಎರಡು ಯಂತ್ರಗಳು ಸದಾ ನಾಡಿಬಡಿತ ಕಳಿಸುತ್ತಿರುತ್ತವೆ. ಬಡಿತ ನಿಂತರೆ ಆಚೆಯವನು ಸತ್ತನೋ, ಯಾರೋ ರಸ್ತೆ ಅಗೆದರೋ ಗೊತ್ತಾಗದು. ಇಬ್ಬರೂ ತಾನೇ ಯಜಮಾನ ಎಂದುಕೊಂಡರೆ ಒಂದೇ ಖಾತೆಯನ್ನು ಎರಡು ಕಡೆ ತಿದ್ದುತ್ತಾರೆ. ಅದಕ್ಕೇ ಮೂರನೆಯವನ ಓಟು, ಅಂದರೆ ಕೋರಂ. ಪಟ್ಟ ಏರುವ ಮೊದಲು ಅನುಮಾನದ ಯಂತ್ರದ ಕರೆಂಟನ್ನೇ ಕಿತ್ತುಹಾಕುವ ಕ್ರಮವೂ ಉಂಟು, ಅದು ಫೆನ್ಸಿಂಗ್. ಕ್ರೂರ ಅನಿಸಬಹುದು, ಎರಡು ಲೆಕ್ಕಪುಸ್ತಕಗಳಿಗಿಂತ ವಾಸಿ.

ಎನ್‌ಎಸ್‌ಇಗೆ ಚೆನ್ನೈಯಲ್ಲಿ ಇನ್ನೊಂದು ಕೇಂದ್ರವಿತ್ತು. ಅಂದು ಅಲ್ಲಿಗೆ ಹೋಗಲಿಲ್ಲ. ಅಷ್ಟು ದೂರದ ಪ್ರತಿ ಸ್ವಲ್ಪ ಹಿಂದೆ ಬಿದ್ದಿರುವುದು ಸಹಜ. ಕೊನೆಯ ಕ್ಷಣಗಳ ಲೆಕ್ಕ ಹೊಂದಿಸುವ ಜವಾಬ್ದಾರಿ ಹೊತ್ತು ಆ ಗುಂಡಿ ಒತ್ತುವವರು ಯಾರು? ಇನ್ನೈದು ನಿಮಿಷದಲ್ಲಿ ಸರಿಹೋದೀತು ಎಂಬ ಆಸೆಯನ್ನು ನಾನು ಎಷ್ಟೋ ರಾತ್ರಿಗಳ ಕಾನ್ಫರೆನ್ಸ್ ಕರೆಗಳಲ್ಲಿ ಕೇಳಿದ್ದೇನೆ.

ಪೇಟೆ ಇನ್ನು ತೆರೆಯದು ಎಂದುಕೊಂಡ ಬ್ರೋಕರುಗಳು ಗಿರಾಕಿಗಳ ಅಂದಂದಿನ ವ್ಯವಹಾರವನ್ನು ಬಿಎಸ್‌ಇಯಲ್ಲಿ ಸಿಕ್ಕ ಬೆಲೆಗೆ ಮುಗಿಸಿದರು. ಆಮೇಲೆ ನೋಡಿದರೆ 3.45ಕ್ಕೆ ಎನ್‌ಎಸ್‌ಇ ತೆರೆದು ಸಂಜೆ 5ರವರೆಗೆ ನಡೆಯಿತು. ಸೆನ್ಸೆಕ್ಸ್ ಅಂದು 1,030 ಅಂಶ ಏರಿತು. ಮಧ್ಯಾಹ್ನವೇ ಹೊರದಬ್ಬಿಸಿಕೊಂಡ ಸಣ್ಣವರು ಅದನ್ನು ಟಿವಿಯಲ್ಲಿ ನೋಡಿದರು.

ಮುಂದಿನ ತಿಂಗಳೇ ಸೆಬಿ ಗಡಿಯಾರ ಕಟ್ಟಿತು: ಅರ್ಧ ಗಂಟೆಯೊಳಗೆ ವಿಪತ್ತು ಎಂದು ಘೋಷಿಸಬೇಕು, ನಂತರದ 45 ನಿಮಿಷದಲ್ಲಿ ಇನ್ನೊಂದು ಕೇಂದ್ರದಿಂದ ಕೆಲಸ ನಡೆಯಬೇಕು. 2024ರ ಮಾರ್ಚ್ 2, ಶನಿವಾರ, ರಜೆಯ ದಿನವೇ ಪೇಟೆ ತೆರೆಯಿತು. ಬೆಳಿಗ್ಗೆ 9.15ರಿಂದ 10ರವರೆಗೆ ಮುಖ್ಯ ಕೇಂದ್ರದಿಂದ, 11.30ರಿಂದ 12.30ರವರೆಗೆ ಬದಲಿ ಕೇಂದ್ರದಿಂದ, ನಿಜವಾದ ದುಡ್ಡಿನಲ್ಲೇ ವಹಿವಾಟು ನಡೆಯಿತು.