ಹುಲ್ಲುಹಾಸಿನ ಹಿಂದಿನ ಅಂತಸ್ತು

ನಮ್ಮ ಹಳ್ಳಿಗಳಲ್ಲಿ ಮನೆಯ ಅಂಗಳದಲ್ಲಿ ಹುಲ್ಲು ಬೆಳೆದಿದ್ದರೆ ಆ ಮನೆಯಲ್ಲಿ ಜನರಿಲ್ಲ ಎಂದೇ ಅರ್ಥ. ಕಸ ಗುಡಿಸಿ, ಸೆಗಣಿ ಸಾರಿಸಿ, ರಂಗೋಲಿ ಇಟ್ಟ ನೆಲವೇ ಬಾಳುವೆ ನಡೆದಿರುವ ಮನೆಯ ಗುರುತು. ಅಮೆರಿಕದ ನಗರಗಳ ಹೊರವಲಯದ ಬಡಾವಣೆಗಳಲ್ಲಿ ಇದು ತಿರುವುಮುರುವು. ಅಲ್ಲಿ ಮನೆಯ ಮುಂದೆ ಹುಲ್ಲು ಇದ್ದರಷ್ಟೇ ಸಾಲದು. ಅದು ಒಂದೇ ಎತ್ತರಕ್ಕಿರಬೇಕು, ಹಸಿರಾಗಿರಬೇಕು, ನಡುವೆ ಬೇರೆ ಗಿಡ ತಲೆಯೆತ್ತಬಾರದು. ಹುಲ್ಲು ಮೊಳಕಾಲೆತ್ತರ ಬೆಳೆದರೆ ಹಲವು ಊರುಗಳಲ್ಲಿ ನಗರಾಡಳಿತದ ನೋಟಿಸು ಬರುತ್ತದೆ. 2018ರಲ್ಲಿ ಫ್ಲಾರಿಡಾದ ಒಂದು ಊರಿನಲ್ಲಿ, ತೀರಿಕೊಂಡ ತಾಯಿಯ ಆಸ್ತಿ ವ್ಯವಹಾರಕ್ಕೆಂದು ಪರಸ್ಥಳಕ್ಕೆ ಹೋಗಿದ್ದ ಮನೆಯೊಡೆಯರೊಬ್ಬರಿಗೆ ದಿನಕ್ಕೆ 500 ಡಾಲರಿನಂತೆ ಬಿದ್ದ ದಂಡ ಸುಮಾರು 30,000 ಡಾಲರ್ ಮುಟ್ಟಿತ್ತು.

ಉಣ್ಣಲು ಬಾರದ, ಮಾರಲು ಬಾರದ, ದನಕ್ಕೂ ಹಾಕದ ಈ ಬೆಳೆ ಇಷ್ಟು ದೊಡ್ಡ ಕಟ್ಟುಪಾಡಾಗಿ ಬೆಳೆದದ್ದು ಹೇಗೆ? ಉತ್ತರ ಹುಡುಕಲು ಇಂಗ್ಲೆಂಡಿಗೆ ಹೋಗಬೇಕು.

ಕುರಿ ಮತ್ತು ಕುಡುಗೋಲು

'ಲಾನ್' ಎಂಬ ಮಾತಿನ ಮೂಲ ಹಳೆಯ ಫ್ರೆಂಚ್ ಭಾಷೆಯಲ್ಲಿದೆ. ಕಾಡಿನ ನಡುವಿನ ಬಯಲು ಎಂಬುದು ಅದರ ಅರ್ಥ. ಇಂಗ್ಲೆಂಡಿನಲ್ಲಿ ಮಳೆ ಒಂದು ಋತುವಿಗೆ ಸೀಮಿತವಲ್ಲ, ಬಿಸಿಲೂ ಹದವಾದದ್ದು. ಹಾಗಾಗಿ ಅಲ್ಲಿ ಹುಲ್ಲು ಯಾರೂ ನೀರುಣಿಸದೆಯೇ ಹಸಿರಾಗಿರುತ್ತದೆ. ಹದಿನೆಂಟನೆಯ ಶತಮಾನದ ಜಮೀನ್ದಾರರು ಇದನ್ನೇ ಶೋಭೆಯಾಗಿ ಮಾಡಿಕೊಂಡರು. 'ಕೇಪಬಿಲಿಟಿ' ಬ್ರೌನ್ ಎಂದೇ ಹೆಸರಾದ ಉದ್ಯಾನಶಿಲ್ಪಿ ಲ್ಯಾನ್ಸಲಾಟ್ ಬ್ರೌನ್ (1716-1783), ಹೂವಿನ ಮಡಿಗಳನ್ನು ತೆಗೆಸಿ ಹುಲ್ಲನ್ನು ಬಂಗಲೆಯ ಗೋಡೆಯವರೆಗೂ ತಂದು ನಿಲ್ಲಿಸಿದ. ಉಳುವ ನೆಲವನ್ನು ಹೀಗೆ ಬರಿದೇ ಬಿಡಬಲ್ಲವನು ಸಿರಿವಂತನೇ ಆಗಿರಬೇಕು ಎಂಬುದು ನೋಡಿದವರಿಗೆಲ್ಲ ತಿಳಿಯುತ್ತಿತ್ತು.

ಆ ಹುಲ್ಲನ್ನು ಮಟ್ಟವಾಗಿಡುತ್ತಿದ್ದದ್ದು ಕುರಿಗಳು ಮತ್ತು ಕೂಲಿಯಾಳುಗಳು. ಕುರಿಗಳು ಬಂಗಲೆಯ ಹತ್ತಿರ ಬಾರದಿರಲಿ, ಆದರೆ ಬೇಲಿಯೂ ಕಣ್ಣಿಗೆ ಬೀಳದಿರಲಿ ಎಂದು 'ಹಾ-ಹಾ' ಎಂಬ ವಿಚಿತ್ರ ಹೆಸರಿನ ಕಂದಕ ತೋಡುತ್ತಿದ್ದರು. ಮನೆಯ ಹತ್ತಿರದ ಹುಲ್ಲನ್ನು ಆಳುಗಳು ಉದ್ದ ಹಿಡಿಯ ಕುಡುಗೋಲು ಬೀಸಿ ಕೊಯ್ಯಬೇಕಿತ್ತು. ಒದ್ದೆ ಹುಲ್ಲು ಚೆನ್ನಾಗಿ ಕೊಯ್ಯಲು ಬರುವುದರಿಂದ ಇಬ್ಬನಿ ಆರುವ ಮುನ್ನ, ನಸುಕಿನಲ್ಲೇ ಕೆಲಸ ಶುರುವಾಗುತ್ತಿತ್ತು. ನುಣುಪಾದ ಹುಲ್ಲುಹಾಸೆಂದರೆ ಅಷ್ಟು ಮಂದಿ ಆಳುಗಳನ್ನು ಸಾಕುವ ಶಕ್ತಿ ಎಂದೇ ಲೆಕ್ಕ.

ಪದೇ ಪದೇ ಕೊಯ್ದರೂ ಹುಲ್ಲು ಸಾಯದಿರುವುದಕ್ಕೆ ಕಾರಣವಿದೆ. ಹೆಚ್ಚಿನ ಗಿಡಗಳು ಚಿಗುರುವುದು ತುದಿಯಲ್ಲಿ. ಹುಲ್ಲು ಬೆಳೆಯುವುದು ಬುಡದಲ್ಲಿ. ತುದಿ ಹೋದಷ್ಟೂ ಬುಡದಿಂದ ಹೊಸ ತೆಂಡೆಗಳೊಡೆದು ಅದು ದಟ್ಟವಾಗುತ್ತದೆ. ಮೇಯುವ ಪ್ರಾಣಿಗಳ ನಡುವೆ ಬದುಕುಳಿಯಲು ಹುಲ್ಲು ಪಡೆದ ಈ ಗುಣವೇ ಹುಲ್ಲುಹಾಸಿಗೆ ಆಧಾರ.

ಬಟ್ಟೆ ಗಿರಣಿಯಿಂದ ಬಂದ ಯಂತ್ರ

ಕುಡುಗೋಲಿನ ಕಾಲ ಮುಗಿಸಿದವನು ತೋಟಗಾರನಲ್ಲ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಪ್ರದೇಶ ಉಣ್ಣೆಬಟ್ಟೆಗೆ ಹೆಸರುವಾಸಿ. ಅಲ್ಲಿನ ಗಿರಣಿಗಳಲ್ಲಿ ಬಟ್ಟೆಯ ಮೇಲೆ ಎದ್ದುನಿಂತ ನವಿರನ್ನು ಕತ್ತರಿಸಿ ಒಂದೇ ಸಮ ಮಾಡಲು ಸುರುಳಿ ಅಲಗುಗಳ ಉರುಳೆ ಯಂತ್ರವಿತ್ತು. ಇದೇ ಉಪಾಯ ಹುಲ್ಲಿಗೂ ಆದೀತು ಎಂದು ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರಕರ್ಮಿಗೆ ಹೊಳೆಯಿತು. 1830ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ನೆರೆಯವರು ನಕ್ಕಾರೆಂದು ರಾತ್ರಿ ಹೊತ್ತಿನಲ್ಲಿ ಅದನ್ನು ಪರೀಕ್ಷಿಸುತ್ತಿದ್ದ ಎಂಬ ಕಥೆಯೂ ಇದೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯ ಈ ಯಂತ್ರವನ್ನು ಕೊಂಡ ಮೊದಲಿಗರಲ್ಲೊಂದು. ಮುಂದೆ ಕುದುರೆ ಎಳೆಯುವ ಯಂತ್ರಗಳು ಬಂದಾಗ, ಗೊರಸಿನ ಗುರುತು ಹುಲ್ಲಿನ ಮೇಲೆ ಮೂಡದಿರಲೆಂದು ಕುದುರೆಗೆ ಚರ್ಮದ ಬೂಟು ತೊಡಿಸುತ್ತಿದ್ದರು.

ಯಂತ್ರದಿಂದ ಆಳುಗಳ ಲೆಕ್ಕ ಬದಲಾಯಿತು. ದೊರೆಯ ಅಂಗಳವನ್ನು ಗುಮಾಸ್ತನೂ ಇಟ್ಟುಕೊಳ್ಳಬಹುದಾಯಿತು. ಅದಕ್ಕೆ ಅವನು ತೆರಬೇಕಾದದ್ದು ತನ್ನದೇ ಭಾನುವಾರ.

ಬೇಲಿಯಿಲ್ಲದ ಬಡಾವಣೆ

ಈ ಬಯಕೆ ಅಮೆರಿಕದಲ್ಲಿ ನಿಯಮವಾಯಿತು. ಫ್ರೆಡರಿಕ್ ಲಾ ಓಮ್‌ಸ್ಟೆಡ್ 1869ರಲ್ಲಿ ಷಿಕಾಗೊ ಬಳಿ ರಿವರ್‌ಸೈಡ್ ಬಡಾವಣೆಯನ್ನು ಯೋಜಿಸಿದಾಗ, ಪ್ರತಿ ಮನೆಯೂ ರಸ್ತೆಯಿಂದ 30 ಅಡಿ ಹಿಂದಿರಬೇಕೆಂದು ಗೊತ್ತುಮಾಡಿದ. ಮರುವರ್ಷ ಪ್ರಕಟವಾದ ಫ್ರ್ಯಾಂಕ್ ಸ್ಕಾಟ್‌ನ ಪುಸ್ತಕ, ಮನೆಯಂಗಳದ ಚೆಲುವನ್ನು ದಾರಿಹೋಕರ ಕಣ್ಣಿಗೆ ಬೀಳದಂತೆ ಬೇಲಿ ಹಾಕಿ ಮುಚ್ಚುವುದು ನೆರೆಯವರಿಗೆ ಸಲ್ಲದ ನಡತೆ ಎಂದು ಬೋಧಿಸಿತು. ಮುಂದಿನ ಅಂಗಳ ಹೀಗೆ ಒಡೆಯನ ಸ್ವತ್ತಾಗಿದ್ದೂ ಬೀದಿಯವರೆಲ್ಲರ ನೋಟಕ್ಕೆ ಸೇರಿದ್ದಾಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಿಂದ 1951ರವರೆಗೆ, ನ್ಯೂಯಾರ್ಕಿನ ಸಮೀಪ ಲೆವಿಟ್‌ಟೌನ್‌ನಲ್ಲಿ 17,000ಕ್ಕೂ ಹೆಚ್ಚು ಮನೆಗಳು ಎದ್ದವು. ಅಲ್ಲಿ ಬೇಲಿ ನಿಷಿದ್ಧ. ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕೆಂಬುದು ಕರಾರು. ಮೊದಲ ಕರಾರುಗಳಲ್ಲಿ ಇನ್ನೊಂದು ಷರತ್ತೂ ಇತ್ತು: ಬಿಳಿಯರಲ್ಲದವರು, ಮನೆಗೆಲಸದವರ ಹೊರತು, ಅಲ್ಲಿ ವಾಸಿಸುವಂತಿರಲಿಲ್ಲ. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1948ರಲ್ಲಿ ತೀರ್ಪಿತ್ತರೂ ಕರಿಯರಿಗೆ ಅಲ್ಲಿ ಮನೆ ಸಿಗುವುದು ಬಹುಕಾಲ ದುರ್ಲಭವಾಗಿತ್ತು. ಸಾಲುಮನೆಗಳ ಮುಂದಿನ ಒಂದೇ ಬಗೆಯ ಹಸಿರು, ಇಲ್ಲಿ ಇರುವವರೆಲ್ಲ ಒಂದೇ ಬಗೆಯವರು ಎಂಬ ಹೇಳಿಕೆಯೂ ಆಗಿತ್ತು.

ಕಳೆ ಯಾವುದು?

ಅದೇ ಕಾಲಕ್ಕೆ ಮತ್ತೊಂದು ಬದಲಾವಣೆಯಾಯಿತು. ಅದುವರೆಗೆ ಹುಲ್ಲಿನ ಬೀಜದ ಜತೆ ಕ್ಲೋವರ್ ಎಂಬ ಮೂರೆಲೆಯ ಸಸ್ಯದ ಬೀಜವನ್ನೂ ಬೆರೆಸುವ ವಾಡಿಕೆಯಿತ್ತು. ನಮ್ಮ ಹುರುಳಿ, ಅವರೆಗಳ ಕುಲದ ಈ ಗಿಡ ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತದೆ. 1945ರ ಸುಮಾರಿಗೆ ಮಾರುಕಟ್ಟೆಗೆ ಬಂದ '2,4-ಡಿ' ಎಂಬ ಕಳೆನಾಶಕ ಹುಲ್ಲನ್ನು ಉಳಿಸಿ ಅಗಲೆಲೆಯ ಗಿಡಗಳನ್ನು ಕೊಲ್ಲುತ್ತಿತ್ತು. ಕಳೆಯೊಂದಿಗೆ ಕ್ಲೋವರ್ ಕೂಡ ಸತ್ತಿತು. ಕ್ರಮೇಣ ಅದನ್ನೇ ಕಳೆ ಎಂದು ಕರೆಯಲಾಯಿತು. ಪುಕ್ಕಟೆ ಸಿಗುತ್ತಿದ್ದ ಸಾರಜನಕವನ್ನು ಜನ ಗೊಬ್ಬರದ ಚೀಲದಲ್ಲಿ ಕೊಳ್ಳತೊಡಗಿದರು. ಗೊಬ್ಬರಕ್ಕೆ ಹುಲ್ಲು ಬೇಗ ಬೆಳೆಯಿತು, ಬೆಳೆದದ್ದನ್ನು ಮತ್ತಷ್ಟು ಕತ್ತರಿಸಬೇಕಾಯಿತು, ನೀರೂ ಹೆಚ್ಚು ಬೇಕಾಯಿತು.

ಇದರ ಒಟ್ಟು ಗಾತ್ರ ಬೆರಗು ಹುಟ್ಟಿಸುವಂಥದು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉಪಗ್ರಹ ಚಿತ್ರಗಳ ನೆರವಿನಿಂದ ಅಮೆರಿಕದ ಹುಲ್ಲುಹಾಸುಗಳ ವಿಸ್ತೀರ್ಣವನ್ನು ಸುಮಾರು 1,63,000 ಚದರ ಕಿಲೋಮೀಟರ್ ಎಂದು ಅಂದಾಜಿಸಿತು. ಮನೆಯಂಗಳ, ಉದ್ಯಾನ, ಗಾಲ್ಫ್ ಮೈದಾನ ಎಲ್ಲ ಸೇರಿದ ಈ ನೆಲ ಕರ್ನಾಟಕದ ಮುಕ್ಕಾಲು ಭಾಗಕ್ಕಿಂತ ದೊಡ್ಡದು. ಇಂಗ್ಲೆಂಡಿನ ಮಳೆಯ ಕೂಸಾದ ಹುಲ್ಲುಹಾಸನ್ನು ಲಾಸ್ ವೇಗಾಸಿನಂಥ ಮರುಭೂಮಿಯ ನಗರಕ್ಕೂ ಒಯ್ದದ್ದರ ಫಲ ಈಗ ಕಾಣುತ್ತಿದೆ. ಕೊಲರಾಡೊ ನದಿ ಬತ್ತುತ್ತಿರುವುದರಿಂದ ಅಲ್ಲಿ ಹುಲ್ಲು ಕಿತ್ತವರಿಗೆ ಚದರಡಿಯ ಲೆಕ್ಕದಲ್ಲಿ ಹಣ ಕೊಡುತ್ತಾರೆ. ರಸ್ತೆ ವಿಭಜಕ, ಕಚೇರಿಗಳ ಮುಂಭಾಗ ಮುಂತಾದೆಡೆ ಬರಿಯ ಅಲಂಕಾರಕ್ಕಿರುವ ಹುಲ್ಲಿಗೆ ಆ ನದಿಯ ನೀರು ಬಳಸುವುದನ್ನು ನಿಲ್ಲಿಸಲು ನೆವಾಡ ರಾಜ್ಯ 2021ರಲ್ಲಿ ಕಾನೂನನ್ನೇ ಮಾಡಿತು. ಒಂಟಿಮನೆಗಳ ಅಂಗಳವನ್ನು ಮಾತ್ರ ಅದು ಮುಟ್ಟಿಲ್ಲ.

ಗರಿಕೆಯ ನಂಟು

ಈ ಕಥೆಯಲ್ಲಿ ನಮಗೆ ಚಿರಪರಿಚಿತವಾದ ಪಾತ್ರವೊಂದಿದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 'ಬರ್ಮ್ಯುಡ ಹುಲ್ಲು' ಎಂದು ಹಾಸುವುದು ಬೇರೇನಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆಯೇ. ಬರ್ಮ್ಯುಡ ಅದರ ತವರಲ್ಲ. ಹೊಲದಲ್ಲಿ ಎಷ್ಟು ಕಿತ್ತರೂ ಹೋಗದೆ ರೈತನನ್ನು ಕಾಡುವ ಗುಣವೇ ಅದನ್ನು ಒಳ್ಳೆಯ ಹುಲ್ಲುಹಾಸನ್ನಾಗಿಸಿದೆ. ಬೆಂಗಳೂರಿನ ದಂಡು ಪ್ರದೇಶದ ಬಂಗಲೆಗಳೊಂದಿಗೆ ಇಂಗ್ಲಿಷ್ ಹುಲ್ಲುಹಾಸಿನ ಅಭಿರುಚಿ ನಮ್ಮಲ್ಲಿಗೂ ಬಂತು. ಇಂದು ನರ್ಸರಿಗಳಲ್ಲಿ ಹಲವು ವಿದೇಶಿ ಹೆಸರುಗಳ ಹುಲ್ಲು ಚದರಡಿ ಲೆಕ್ಕದಲ್ಲಿ ಸಿಗುತ್ತದೆ.

2024ರ ಮಾರ್ಚಿನಲ್ಲಿ ನೀರಿನ ಕೊರತೆ ತೀವ್ರವಾದಾಗ ಬೆಂಗಳೂರು ಜಲಮಂಡಳಿ ಕೈದೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಹುಲ್ಲು ಬೆಳೆಸಿಟ್ಟದ್ದಕ್ಕೆ ಫ್ಲಾರಿಡಾದಲ್ಲಿ ದಂಡವಾದರೆ ಅದಕ್ಕೆ ನೀರೆರೆದದ್ದಕ್ಕೆ ಇಲ್ಲಿ ದಂಡ. ಹುಲ್ಲು ಬೇಕೆನ್ನುವವರು ತಿಳಿದಿರಬೇಕಾದದ್ದು ಇಷ್ಟೆ: ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ಕತ್ತರಿಸಿದ್ದನ್ನು ಅಲ್ಲೇ ಬಿಟ್ಟರೆ ಅದೇ ಗೊಬ್ಬರ, ದಿನವೂ ಚಿಮುಕಿಸುವುದಕ್ಕಿಂತ ಅಪರೂಪಕ್ಕೆ ಆಳವಾಗಿ ನೀರು ಕೊಟ್ಟರೆ ಬೇರು ಕೆಳಗಿಳಿಯುತ್ತದೆ. ಗರಿಕೆಗಂತೂ ಬೇಸಿಗೆಯಲ್ಲಿ ನೀರಿಲ್ಲದಿದ್ದರೆ ಎಲೆ ಕಂದುಬಣ್ಣಕ್ಕೆ ತಿರುಗುತ್ತದೆ, ನೋಡಿದವರು ಸತ್ತಿತೆಂದುಕೊಳ್ಳುತ್ತಾರೆ. ಆದರೆ ನೆಲದೊಳಗಿನ ಕಾಂಡಕ್ಕೆ ಜೀವವಿರುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅದು ತಾನಾಗಿ ಚಿಗುರುತ್ತದೆ.