ಬೆಂಕಿಗೆ ಬಿದ್ದ ಹಸ್ತಪ್ರತಿ, ದೇವರಿಗಾಗಿ ಕಾದ ಮನುಷ್ಯ

ನಮ್ಮ ಕನ್ನಡದಲ್ಲಿ ‘ಕಾಯು’ ಎಂಬ ಕ್ರಿಯಾಪದಕ್ಕೆ ಹಲವು ಅರ್ಥಗಳಿವೆ. ಬರಲಿರುವವರಿಗಾಗಿ ಎದುರು ನೋಡುವುದು ಕಾಯುವುದೇ. ಮಂದೆಯ ಬಳಿ ಎಚ್ಚರವಾಗಿದ್ದು ಕಾಪಾಡುವುದೂ ಕಾಯುವುದೇ. ಬೆಂಕಿಯ ಮೇಲಿಟ್ಟ ಲೋಹ ಬಿಸಿಯಾಗುವುದೂ ಕಾಯುವುದೇ. ದೇವರಿಗಾಗಿ ಕಾದಿರಬೇಕೆಂದು ಸತ್ಯವೇದವು ಮತ್ತೆಮತ್ತೆ ಹೇಳುವಾಗ ನಾವು ಸಾಮಾನ್ಯವಾಗಿ ಮೊದಲ ಅರ್ಥವನ್ನಷ್ಟೇ ಹಿಡಿಯುತ್ತೇವೆ. ಕೈಕಟ್ಟಿ ಕುಳಿತು ಬಾಗಿಲ ಕಡೆ ನೋಡುವುದೇ ಕಾಯುವಿಕೆ ಎಂದುಕೊಳ್ಳುತ್ತೇವೆ. ಉಳಿದ ಎರಡು ಅರ್ಥಗಳು ಕ್ರೈಸ್ತ ಜೀವಿತದಲ್ಲಿ ಏನಾಗಬಹುದೆಂಬುದನ್ನು ತಿಳಿಯಲು ಎರಡು ಶತಮಾನಗಳ ಹಿಂದಿನ ಒಂದು ಸಂಗತಿಯನ್ನು ನೆನೆಯೋಣ. ಅದು ನಡೆದದ್ದು ದೂರದ ಬಂಗಾಳದಲ್ಲಾದರೂ, ಅಲ್ಲಿ ಸುಟ್ಟುಹೋದ ಕಾಗದಗಳ ನಡುವೆ ನಮ್ಮ ಕನ್ನಡದ ಹೊಸ ಒಡಂಬಡಿಕೆಯೂ ಇತ್ತು.

ವಿಲಿಯಂ ಕೇರಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಚಮ್ಮಾರಿಕೆ ಕಲಿತು, ಬಳಿಕ ಸಭಾಪಾಲಕನಾದವನು. 1793ರ ನವೆಂಬರಿನಲ್ಲಿ ಪತ್ನಿ ಡೊರೊಥಿ ಮತ್ತು ಮಕ್ಕಳೊಂದಿಗೆ ಕಲ್ಕತ್ತೆಗೆ ಬಂದಿಳಿದನು. ತಂದ ಹಣ ಬೇಗನೆ ಕರಗಿತು. ಈಸ್ಟ್ ಇಂಡಿಯಾ ಕಂಪನಿಗೆ ತನ್ನ ಸೀಮೆಯಲ್ಲಿ ಮಿಷನರಿಗಳು ಬೇಡವಾಗಿದ್ದರು. ಕೊನೆಗೆ ಮದನಾಬತಿ ಎಂಬಲ್ಲಿ ನೀಲಿ ಕಾರ್ಖಾನೆಯ ಮೇಲ್ವಿಚಾರಣೆ ವಹಿಸಿಕೊಂಡು ಜೀವನ ನಡೆಸಬೇಕಾಯಿತು. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡನು. ಆ ದುಃಖದ ನಂತರ ಡೊರೊಥಿಯ ಮನಸ್ಸು ಸ್ಥಿಮಿತ ಕಳೆದುಕೊಂಡಿತು. 1807ರಲ್ಲಿ ಮರಣ ಹೊಂದುವ ತನಕ ಆಕೆ ಚೇತರಿಸಿಕೊಳ್ಳಲಿಲ್ಲ.

ಆ ವರ್ಷಗಳಲ್ಲಿ ಕೇರಿ ಬಂಗಾಳಿಯನ್ನು ಕಲಿತನು, ಸುತ್ತಲಿನ ಊರುಗಳಲ್ಲಿ ಸಾರಿದನು, ಹೊಸ ಒಡಂಬಡಿಕೆಯನ್ನು ಭಾಷಾಂತರಿಸಿದನು. ಕೇಳಿದವರು ಅನೇಕರು, ಕ್ರಿಸ್ತನನ್ನು ಅಂಗೀಕರಿಸಿ ದೀಕ್ಷಾಸ್ನಾನಕ್ಕೆ ಮುಂದೆ ಬಂದ ಬಂಗಾಳದ ಮನುಷ್ಯ ಒಬ್ಬನೂ ಇರಲಿಲ್ಲ. ಒಂದೆರಡಲ್ಲ, ಏಳು ವರ್ಷ ಹೀಗೆಯೇ ಕಳೆಯಿತು. 1800ರ ಜನವರಿಯಲ್ಲಿ ಅವನು ಡೇನರ ಆಡಳಿತದಲ್ಲಿದ್ದ ಸೆರಾಂಪುರಕ್ಕೆ ನೆಲೆ ಬದಲಿಸಿ, ಆಗತಾನೇ ಬಂದಿದ್ದ ಜೋಶುವಾ ಮಾರ್ಷ್‌ಮನ್ ಮತ್ತು ಮುದ್ರಣಕಾರ ವಿಲಿಯಂ ವಾರ್ಡ್ ಅವರನ್ನು ಕೂಡಿಕೊಂಡನು. ಅದೇ ವರ್ಷದ ಕೊನೆಯಲ್ಲಿ ಕೃಷ್ಣಪಾಲ್ ಎಂಬ ಬಡಗಿ ಬಿದ್ದು ತೋಳಿಗೆ ಪೆಟ್ಟು ಮಾಡಿಕೊಂಡನು. ಮಿಷನ್ನಿನ ವೈದ್ಯ ಜಾನ್ ಥಾಮಸ್ ಆ ತೋಳನ್ನು ಸರಿಪಡಿಸಿ, ಅವನೊಡನೆ ಸುವಾರ್ತೆಯನ್ನು ಮಾತನಾಡಿದನು. 1800ರ ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಕೇರಿ ತನ್ನ ಮಗ ಫೀಲಿಕ್ಸನಿಗೂ ಕೃಷ್ಣಪಾಲನಿಗೂ ದೀಕ್ಷಾಸ್ನಾನ ಕೊಟ್ಟನು.

ಈ ದಿನವನ್ನು ಜಯದ ದಿನವೆಂದು ನಾವು ಹಾಡಿ ಹೊಗಳುತ್ತೇವೆ. ಆದರೆ ಅದೇ ದಿನ ಡೊರೊಥಿಯೂ ಹಠಾತ್ತನೆ ಮನೋವ್ಯಾಧಿಗೆ ತುತ್ತಾಗಿದ್ದ ಥಾಮಸನೂ ಬೇರೆ ಬೇರೆ ಕೋಣೆಗಳಲ್ಲಿ ಕೂಗಾಡುತ್ತಿದ್ದರು. ಏಳು ವರ್ಷ ಕಾದ ಸಂತೋಷ ಒಂದು ಕಡೆ, ವಾಸಿಯಾಗದ ನೋವು ಇನ್ನೊಂದು ಕಡೆ. ಡೊರೊಥಿ ಈ ದಾರಿಯನ್ನು ತಾನಾಗಿ ಬಯಸಿದವಳಲ್ಲ. ಮೊದಲು ಬರುವುದಿಲ್ಲವೆಂದೇ ಹೇಳಿದ್ದಳು. ಒಬ್ಬರ ತಾಳ್ಮೆಯ ಬೆಲೆಯನ್ನು ಮತ್ತೊಬ್ಬರು ತೆರಬೇಕಾಗುವುದುಂಟು ಎಂಬ ಸತ್ಯವನ್ನು ಚರಿತ್ರೆ ನಮ್ಮಿಂದ ಮರೆಮಾಚುವುದಿಲ್ಲ. ನಮ್ಮ ಸಾಕ್ಷಿಯ ಮಾತುಗಳಲ್ಲಿಯೂ ನಾವು ಅದನ್ನು ಮರೆಮಾಚಬಾರದು.

ಇನ್ನು ಬೆಂಕಿಯ ಸಂಗತಿ. ಮುಂದಿನ ಹನ್ನೆರಡು ವರ್ಷಗಳಲ್ಲಿ ಸೆರಾಂಪುರದ ಮುದ್ರಣಾಲಯ ಪೂರ್ವ ದೇಶಗಳಲ್ಲಿಯೇ ಹೆಸರಾಯಿತು. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಹೊರಬಂತು. ಪಂಡಿತರ ನೆರವಿನಿಂದ ಒಂದಾದ ಮೇಲೊಂದು ಭಾಷೆಯ ಅನುವಾದ ಮುಂದುವರಿಯಿತು. ಅವುಗಳಲ್ಲಿ ಕನ್ನಡವೂ ಒಂದು. 1812ರ ಮಾರ್ಚ್ 11ರ ಸಂಜೆ, ಕಾಗದ ತುಂಬಿಟ್ಟಿದ್ದ ಕೋಣೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ವಾರ್ಡ್ ಬಾಗಿಲು ಕಿಟಕಿಗಳನ್ನು ಮುಚ್ಚಿಸಿ ಮೇಲಿನಿಂದ ನೀರು ಸುರಿಸಿದನು. ಯಾರೋ ಕಿಟಕಿಯೊಂದನ್ನು ತೆರೆದದ್ದರಿಂದ ಗಾಳಿ ನುಗ್ಗಿ ಜ್ವಾಲೆ ಎದ್ದಿತು. ನಡುರಾತ್ರಿಯ ಹೊತ್ತಿಗೆ ಛಾವಣಿ ಕುಸಿಯಿತು.

ಕೇರಿ ಆಗ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳಲು ಹೋಗಿದ್ದನು. ಮರುದಿನ ಮಾರ್ಷ್‌ಮನ್ ಬಂದು ತಿಳಿಸಿದಾಗ ಅವನ ಕಣ್ಣುಗಳಲ್ಲಿ ನೀರಾಡಿತು. ಸುಮಾರು 70,000 ರೂಪಾಯಿ ನಷ್ಟವೆಂದು ಲೆಕ್ಕ ಹಾಕಲಾಯಿತು. ಹಣವನ್ನಾದರೂ ಮತ್ತೆ ಹೊಂದಿಸಬಹುದು. ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ, ತೆಲುಗು ವ್ಯಾಕರಣ, ಪಂಜಾಬಿ ವ್ಯಾಕರಣದ ಬಹುಭಾಗ, ಸಂಸ್ಕೃತ ಅನುವಾದದ ಭಾಗಗಳು ಮತ್ತು ಸಂಸ್ಕೃತದೊಡನೆ ದೇಶಭಾಷೆಗಳನ್ನು ಜೋಡಿಸಿ ವರ್ಷಗಟ್ಟಲೆ ಕೂಡಿಸಿದ್ದ ಬಹುಭಾಷಾ ಶಬ್ದಕೋಶ, ಇವು ಬೂದಿಯಾಗಿದ್ದವು. ಇವುಗಳನ್ನು ಹಣದಿಂದ ಕೊಳ್ಳಲಾಗದು.

ಮುಂದಿನ ಭಾನುವಾರ ಕೇರಿ ಕಲ್ಕತ್ತೆಯಲ್ಲಿ ಪ್ರಸಂಗ ಮಾಡಿದನು. ಆರಿಸಿಕೊಂಡ ವಚನ 46ನೆಯ ಕೀರ್ತನೆಯ ಹತ್ತನೆಯದು. ಸುಮ್ಮನಿದ್ದು ದೇವರು ದೇವರೇ ಎಂದು ಅರಿಯಿರಿ ಎಂಬ ಭಾವದ ವಚನ. ನಮ್ಮನ್ನೂ ನಮ್ಮದನ್ನೂ ತನ್ನ ಇಷ್ಟದಂತೆ ನಡೆಸಲು ದೇವರಿಗೆ ಅಧಿಕಾರವಿದೆ. ಅದಕ್ಕೆ ಒಪ್ಪಿ ತಲೆಬಾಗುವುದು ನಮ್ಮ ಕರ್ತವ್ಯ. ಇವೆರಡೇ ಆತನ ಪ್ರಸಂಗದ ತಿರುಳು.

ಹೀಗೆ ಸುಮ್ಮನಿರಬೇಕೆಂದು ಹೇಳಿದವನು ಸುಮ್ಮನೆ ಕೂರಲಿಲ್ಲ ಎಂಬುದನ್ನು ಗಮನಿಸಬೇಕು. ಅಕ್ಷರಗಳನ್ನು ಕೆತ್ತಿದ್ದ ಉಕ್ಕಿನ ಮೂಲ ಅಚ್ಚುಗಳು ಬೂದಿಯೊಳಗಿಂದ ಸುರಕ್ಷಿತವಾಗಿ ಸಿಕ್ಕಿದವು. ಮುದ್ರಣಯಂತ್ರಗಳು ಬೇರೆ ಕೋಣೆಯಲ್ಲಿದ್ದುದರಿಂದ ಉಳಿದಿದ್ದವು. ಕರಗಿ ಗಟ್ಟಿಯಾಗಿದ್ದ ಸೀಸವನ್ನು ಅವಶೇಷಗಳಡಿಯಿಂದ ತೆಗೆದು, ಮತ್ತೆ ಕಾಯಿಸಿ, ಅಚ್ಚುಮೊಳೆಗಳನ್ನು ಎರಕ ಹೊಯ್ದರು. ನಡೆದ ದಾರಿಯನ್ನು ಎರಡನೆಯ ಸಲ ನಡೆಯುವುದು ಸುಲಭವಾದೀತು, ಅನುವಾದಗಳು ಮೊದಲಿಗಿಂತ ಉತ್ತಮವಾದಾವು ಎಂದು ಕೇರಿ ಭರವಸೆಪಟ್ಟನು. ಸುದ್ದಿ ಹಡಗಿನಲ್ಲಿ ಇಂಗ್ಲೆಂಡಿಗೆ ಮುಟ್ಟಿದಾಗ, ಸಭೆಗಳು ಸುಮಾರು ಎರಡು ತಿಂಗಳೊಳಗೆ ನಷ್ಟವನ್ನು ತುಂಬುವಷ್ಟು ಹಣ ಕೂಡಿಸಿಕೊಟ್ಟವು.

ಕನ್ನಡದ ಪಾಲಿಗೆ ಏನಾಯಿತು? 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾಯಿತು. ಮರಳಿ ಸಿದ್ಧವಾದ ಕನ್ನಡ ಹೊಸ ಒಡಂಬಡಿಕೆ 1820ರ ದಶಕದ ಆರಂಭದಲ್ಲಿ, ಅಂದರೆ ಬೆಂಕಿಯಾಗಿ ಸುಮಾರು ಹತ್ತು ವರ್ಷಗಳ ಮೇಲೆ, ಹೊರಬಂತು. ಆದರೆ ನಮ್ಮ ನಾಡಿನ ಸಭೆಗಳಲ್ಲಿ ನೆಲೆಗೊಂಡದ್ದು ಆ ಅನುವಾದವಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಜನರ ನಡುವೆಯೇ ಇದ್ದು, ಅವರ ಮಾತನ್ನು ಕೇಳುತ್ತಾ, ವರ್ಷಗಟ್ಟಲೆ ತಿದ್ದುತ್ತಾ ಅನುವಾದಿಸಿದನು. ಇಡೀ ಸತ್ಯವೇದವು ಕನ್ನಡದಲ್ಲಿ 1831ರಲ್ಲಿ ಪೂರ್ಣವಾಯಿತು. ಬಳಿಕ ಬಂದ ಪರಿಷ್ಕರಣಗಳು ಆ ಅನುವಾದವನ್ನೂ ಹಿಂದಿಕ್ಕಿದವು. ಇನ್ನು ಆ ಬಹುಭಾಷಾ ಶಬ್ದಕೋಶವನ್ನು ಕೇರಿ ತನ್ನ ಜೀವಮಾನದಲ್ಲಿ ಮರಳಿ ಪೂರ್ತಿಗೊಳಿಸಲೇ ಇಲ್ಲ. 1834ರ ಜೂನ್ 9ರಂದು ಅವನು ತೀರಿಕೊಂಡನು.

ಓದುಗರೇ, ಇಲ್ಲಿಯೇ ನಮಗೊಂದು ಕಠಿಣವಾದ ಪಾಠವಿದೆ. ಕಾದವನಿಗೆ ಕಳೆದದ್ದೆಲ್ಲ ಮರಳಿ ಸಿಗುತ್ತದೆ ಎಂದು ನಾವು ಬೇಗನೆ ಹೇಳಿಬಿಡುತ್ತೇವೆ. ಕೇರಿಗೆ ಕೆಲವು ಮರಳಿ ಸಿಕ್ಕಿದವು, ಕೆಲವು ಸಿಗಲಿಲ್ಲ. ಎರಡು ಸಲ ಶ್ರಮಪಟ್ಟ ಕನ್ನಡ ಅನುವಾದದ ಸ್ಥಾನವನ್ನು ಮತ್ತೊಬ್ಬನ ಕೆಲಸ ತುಂಬಿತು. ದೇವರಿಗಾಗಿ ಕಾಯುವವನು ತನ್ನ ಹೆಸರಿಗಾಗಿ ಕಾಯುವವನಾಗಿದ್ದರೆ ಇದು ಸೋಲು. ಕನ್ನಡಿಗನು ತನ್ನ ಮಾತಿನಲ್ಲಿ ದೇವರ ವಾಕ್ಯವನ್ನು ಓದಬೇಕೆಂಬುದೇ ಬಯಕೆಯಾಗಿದ್ದರೆ, ಬಳ್ಳಾರಿಯಲ್ಲಿ ನೆರವೇರಿದ್ದು ಸೆರಾಂಪುರದ ಪ್ರಾರ್ಥನೆಗೂ ಉತ್ತರವೇ ಸರಿ.

ನಮ್ಮ ಸಭೆಗಳಲ್ಲಿ ಕಾಯುತ್ತಿರುವವರು ಅನೇಕರಿದ್ದಾರೆ. ಮಗನು ಮನೆಗೆ ತಿರುಗಿ ಬರಲೆಂದು ಕಾಯುವ ತಾಯಿ, ಕೆಲಸಕ್ಕಾಗಿ ಅರ್ಜಿ ಬರೆದು ಬರೆದು ದಣಿದ ಯುವಕ, ವಾಸಿಯಾಗದ ರೋಗಿಯ ಹಾಸಿಗೆಯ ಬಳಿ ರಾತ್ರಿ ಕಳೆಯುವ ಪತ್ನಿ. ಇವರಿಗೆ ‘ತಾಳ್ಮೆಯಿಂದಿರಿ’ ಎಂದು ಹೇಳಿ ಹೊರಟುಹೋಗುವುದು ಸುಲಭ. ಆದರೆ ಬೆಂಕಿಯ ಸುದ್ದಿ ಕೇಳಿದ ಸಭೆಗಳು ಉಪದೇಶವನ್ನಷ್ಟೇ ಕಳುಹಿಸಲಿಲ್ಲ. ಕಾಗದಕ್ಕೂ ಸೀಸಕ್ಕೂ ಬೇಕಾದ ಹಣ ಕೂಡಿಸಿದವು. ಕಾಯುವವನ ಜೊತೆಗಿದ್ದು ಅವನನ್ನು ಕಾಯುವುದು, ಅಂದರೆ ಕಾಪಾಡುವುದು, ಸಭೆಯ ಕೆಲಸ. ಡೊರೊಥಿಯ ಬಳಿಯಲ್ಲಿ ಅಂಥವರು ಇನ್ನಷ್ಟು ಜನ ಇರಬೇಕಾಗಿತ್ತು ಎಂದು ಅನಿಸದೆ ಇರದು.

ನಮ್ಮ ಸತ್ಯವೇದದ ಭಾಷೆಯಲ್ಲಿ ನಂಬಿಕೆ ಮತ್ತು ಪ್ರೀತಿಗಳ ನಡುವೆ ನಿಂತಿರುವ ಪದ ‘ನಿರೀಕ್ಷೆ’. ಅದರೊಳಗೆ ಎದುರುನೋಡುವುದೂ ಭರವಸೆಯೂ ಒಂದಾಗಿವೆ. ಮುಂದಿನ ಭಾನುವಾರ ಕನ್ನಡ ಸತ್ಯವೇದವನ್ನು ತೆರೆಯುವಾಗ, ಅದು ನಮ್ಮ ಕೈ ಸೇರುವ ಮೊದಲು ಒಮ್ಮೆ ಬೂದಿಯಾದ ಕಾಗದಗಳನ್ನು ನೆನೆಯೋಣ. ನೆರವೇರಿದ್ದಕ್ಕಾಗಿ ಸ್ತೋತ್ರ ಸಲ್ಲಿಸೋಣ. ನೆರವೇರದೆ ಉಳಿದದ್ದನ್ನು ಕರ್ತನ ಕೈಗೆ ಒಪ್ಪಿಸೋಣ. ಈ ದಿನಕ್ಕೆಂದು ಆತನು ಕೊಟ್ಟಿರುವ ಕೆಲಸವನ್ನು ಕೈಗೆತ್ತಿಕೊಳ್ಳೋಣ.